ಪೆಟ್ಟು ಕುದುರೆಯ ಕಾಲಿಗೆ, ಕೇಸು ಸವಾರನ ಲೆಕ್ಕಕ್ಕೆ

ಪ್ರಶ್ನೆ: ಸರ್, ನನ್ನ ತಮ್ಮನಿಗೆ 22 ವರ್ಷ. ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೇ ಓದುತ್ತಿದ್ದ. ಹೋದ ತಿಂಗಳು ಗೆಳೆಯರ ಜೊತೆ ಒಂದು ಮೆರವಣಿಗೆಗೆ ಹೋಗಿದ್ದ. ನೂಕುನುಗ್ಗಲು ಜಾಸ್ತಿಯಾದಾಗ ಜನರನ್ನು ಹಿಂದೆ ಸರಿಸಲು ಕುದುರೆ ಪೊಲೀಸರು ಬಂದರಂತೆ. ಒಂದು ಕುದುರೆ ತೀರಾ ಹತ್ತಿರ ಬಂದಾಗ ಇವನ ಕೈಯಲ್ಲಿದ್ದ ಬಾವುಟದ ಕೋಲು ಅದರ ಮುಂಗಾಲಿಗೆ ಬಡಿದಿದೆ. ಬೇಕೆಂದು ಹೊಡೆಯಲಿಲ್ಲ, ಹೆದರಿ ಅಡ್ಡ ಹಿಡಿದೆ ಅನ್ನುತ್ತಾನೆ. ಕುದುರೆ ಮುಂಗಾಲೆತ್ತಿ ನಿಂತಿತು. ಮೇಲಿದ್ದ ಕಾನ್‌ಸ್ಟೆಬಲ್ ಕೆಳಗೆ ಬಿದ್ದು ಮಣಿಕಟ್ಟು ಊದಿಕೊಂಡಿದೆ. ಕುದುರೆಯ ಕಾಲಿಗೆ ಐದು ಹೊಲಿಗೆ. ಹದಿನೈದು ದಿನಕ್ಕೆ ಅದು ಮತ್ತೆ ಓಡಾಡುತ್ತಿದೆ ಎಂದು ಕೇಳಿದೆ. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆ ಕಲಂ 132, 121(1), 325 ಮತ್ತು ಪ್ರಾಣಿ ಹಿಂಸೆ ಕಾಯ್ದೆ ಎಂದು ಬರೆದಿದ್ದಾರೆ. ಪೊಲೀಸ್ ಕುದುರೆಗೋ ನಾಯಿಗೋ ಹೊಡೆದರೆ ಪೊಲೀಸರನ್ನೇ ಕೊಲ್ಲಲು ಹೋದಂತೆ, ಹತ್ತು ವರ್ಷ ಖಾಯಂ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಮ್ಮ ಮಾವ ಮಾತ್ರ, ಪ್ರಾಣಿ ವಿಷಯ ತಾನೇ, ಐವತ್ತು ರೂಪಾಯಿ ದಂಡ ಕಟ್ಟಿದರೆ ಮುಗಿಯಿತು ಅನ್ನುತ್ತಾರೆ. ತಮ್ಮ ಈಗ ಅವರ ಮನೆಯಲ್ಲೇ ಇದ್ದಾನೆ. ಇನ್ನೊಂದು ಮಾತು. ನಮ್ಮ ತಂದೆ ಸರ್ಕಾರಿ ಬಸ್ಸಿನ ಕಂಡಕ್ಟರ್. ಕಳೆದ ವರ್ಷ ಚಿಲ್ಲರೆ ವಿಷಯಕ್ಕೆ ಪ್ರಯಾಣಿಕನೊಬ್ಬ ಅವರ ಕೆನ್ನೆಗೆ ಹೊಡೆದ. ಸ್ಟೇಷನ್ನಿನಲ್ಲಿ ಅದು ಸಣ್ಣ ಕೇಸಾಯಿತು, ಅವನು ಅವತ್ತೇ ಮನೆಗೆ ಹೋದ. ನಮ್ಮಪ್ಪನ ಕೆನ್ನೆಗಿಂತ ಕುದುರೆ ಕಾಲು ದೊಡ್ಡದಾ ಸರ್? ಕಾನ್‌ಸ್ಟೆಬಲ್ ಜೊತೆ ರಾಜಿ ಮಾಡಿಕೊಳ್ಳಬಹುದಾ? ತಮ್ಮನ ನೌಕರಿ ಆಸೆ ಮುಗಿಯಿತಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಮ್ಮ ಜೈಲಿಗೆ ಹೋಗುತ್ತಾನಾ, ಅವನ ಬದುಕು ಇಲ್ಲಿಗೇ ನಿಲ್ಲುತ್ತದಾ ಅನ್ನುವುದು ನಿಮ್ಮ ಭಯ. ಅದರ ಕೆಳಗೆ ತಂದೆಗೆ ಆದ ಅವಮಾನದ ಸಿಟ್ಟೂ ಇದೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಅದಕ್ಕೇ ಒಟ್ಟಿಗೆ ಬರೆಯುತ್ತೇನೆ.

ಮೊದಲು ವಾಟ್ಸಾಪ್ ಮಾತು. ನಮ್ಮ ದೇಶದ ಕಾನೂನಿನಲ್ಲಿ ಪೊಲೀಸ್ ಕುದುರೆಯೂ ಪೊಲೀಸ್ ನಾಯಿಯೂ ಪೊಲೀಸರಲ್ಲ. ಅವುಗಳಿಗೆಂದೇ ಬೇರೆ ಶಿಕ್ಷೆ ಹೇಳುವ ಕಲಂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಕೊಲೆ, ಕೊಲೆಯತ್ನ ಅನ್ನುವ ಮಾತೆಲ್ಲ ಮನುಷ್ಯರ ಜೀವಕ್ಕೆ ಸಂಬಂಧಿಸಿದ್ದು.

ಆ ಸಂದೇಶ ಹೊರದೇಶದ ಕಾನೂನನ್ನು ಹರಿದು ಅಂಟಿಸಿದ್ದು ಅನ್ನಿಸುತ್ತದೆ. ಅಮೆರಿಕದಲ್ಲಿ 2000ದಿಂದ ಒಂದು ಕೇಂದ್ರ ಕಾನೂನಿದೆ. ಅಲ್ಲಿನ ಕೇಂದ್ರ ಪೊಲೀಸ್ ಸಂಸ್ಥೆಗಳ ನಾಯಿ ಅಥವಾ ಕುದುರೆಗೆ ಬೇಕೆಂದೇ ಹಾನಿ ಮಾಡಿದರೆ ಒಂದು ವರ್ಷದವರೆಗೆ, ಅದು ಸತ್ತರೆ ಅಥವಾ ಶಾಶ್ವತವಾಗಿ ಊನವಾದರೆ ಹತ್ತು ವರ್ಷದವರೆಗೆ ಜೈಲು. ನಿಮಗೆ ಬಂದ ಹತ್ತು ವರ್ಷ ಬಹುಶಃ ಅಲ್ಲಿಂದ ಬಂದದ್ದು. ಬ್ರಿಟನ್ನಿನ ಕಥೆ ಇನ್ನೂ ಸ್ವಾರಸ್ಯ. 2016ರ ಅಕ್ಟೋಬರ್‌ನಲ್ಲಿ ಸ್ಟೀವನೇಜ್ ಎಂಬ ಊರಿನಲ್ಲಿ ಫಿನ್ ಎಂಬ ಪೊಲೀಸ್ ನಾಯಿಗೆ, ಆಮೇಲೆ ಅದನ್ನು ನೋಡಿಕೊಳ್ಳುವ ಪೊಲೀಸನಿಗೆ, ಅಂದರೆ ಹ್ಯಾಂಡ್ಲರಿಗೆ, ಹದಿನಾರರ ಹುಡುಗನೊಬ್ಬ ಚಾಕು ಹಾಕಿದ. ನಾಯಿಗೆ ಆದ ಗಾಯಕ್ಕೆ ಅಲ್ಲಿ ಹಾಕಿದ ಆರೋಪ ಏನು ಗೊತ್ತಾ? ಆಸ್ತಿಗೆ ಹಾನಿ. ಕಿಟಕಿ ಗಾಜು ಒಡೆದರೂ ಅದೇ ಆರೋಪ. ಜನ ರೊಚ್ಚಿಗೆದ್ದರು. 2019ರಲ್ಲಿ ‘ಫಿನ್ ಕಾನೂನು’ ಬಂತು. ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಈಗ ಕರ್ತವ್ಯದಲ್ಲಿರುವ ಪೊಲೀಸ್ ಪ್ರಾಣಿಗೆ ಹೊಡೆದು, ನನ್ನನ್ನು ನಾನು ಉಳಿಸಿಕೊಳ್ಳಲು ಹೊಡೆದೆ ಎಂದು ಹೇಳಿ ತಪ್ಪಿಸಿಕೊಳ್ಳುವುದು ಕಷ್ಟ. ಪ್ರಾಣಿಹಿಂಸೆಗೆ ಗರಿಷ್ಠ ಶಿಕ್ಷೆಯನ್ನೂ 2021ರಲ್ಲಿ ಐದು ವರ್ಷಕ್ಕೆ ಏರಿಸಿದರು. ಅದ್ಯಾವುದೂ ನಿಮ್ಮ ತಮ್ಮನಿಗೆ ತಗಲುವುದಿಲ್ಲ.

ಈಗ ನಿಮ್ಮ ಮಾವನ ಐವತ್ತು ರೂಪಾಯಿ. ಅವರು ಸುಮ್ನೆ ಹೇಳಿದ್ದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 11ರಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅರುವತ್ತು ವರ್ಷ ದಾಟಿದರೂ ಆ ಅಂಕಿ ಅಲ್ಲೇ ಕೂತಿದೆ. ಒಂದು ಮಸಾಲೆದೋಸೆಯ ಬೆಲೆಗೂ ಸಾಲದು. ನಿಮ್ಮ ಎಫ್‌ಐಆರ್‌ನಲ್ಲಿ ಆ ಕಾಯ್ದೆ ಬಾಲದಂತೆ ಇದೆ, ಅಷ್ಟೇ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅದೊಂದನ್ನೇ ನಂಬಿಕೊಂಡು ಮಾವನ ಮನೆಯಲ್ಲಿ ಕೂತರೆ ಕೆಟ್ಟಿರಿ.

ಪ್ರಾಣಿಯ ವಿಷಯದಲ್ಲಿ ನಿಜವಾದ ಕಲಂ 325. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ಕಲಮುಗಳಾಗಿತ್ತು, 428 ಮತ್ತು 429. ಹತ್ತು ರೂಪಾಯಿ ಬಾಳುವ ಪ್ರಾಣಿಗೆ ಒಂದು ಶಿಕ್ಷೆ. ಆನೆ, ಒಂಟೆ, ಕುದುರೆ, ಎಮ್ಮೆ, ಎತ್ತು, ಹಸುವಿಗೆ, ಇಲ್ಲವೇ ಐವತ್ತು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬಾಳುವ ಬೇರೆ ಪ್ರಾಣಿಗೆ ಇನ್ನೊಂದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆ ಈ ರೂಪಾಯಿ ಲೆಕ್ಕವನ್ನು ಕಿತ್ತುಹಾಕಿತು. ಈಗ ಯಾವ ಪ್ರಾಣಿಯೇ ಆಗಲಿ, ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ, ಕೆಲಸಕ್ಕೆ ಬಾರದಂತೆ ಮಾಡಿದರೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ.

ಐದು ವರ್ಷ ಎಂದು ಓದಿ ನಿಮ್ಮ ಎದೆ ಧಸಕ್ ಎಂದಿರಬಹುದು. ಆದರೆ ಆ ಕಲಮಿನ ಒಂದೊಂದು ಪದ ನೋಡಿ. ಗಾಯ ಮಾಡಿದರೆ ಎಂದು ಅಲ್ಲಿಲ್ಲ. ಊನ ಮಾಡಿದರೆ, ಕೆಲಸಕ್ಕೆ ಬಾರದಂತೆ ಮಾಡಿದರೆ ಎಂದಿದೆ. ಐದು ಹೊಲಿಗೆ ಬಿದ್ದು, ಹದಿನೈದು ದಿನಕ್ಕೆ ಲಾಯದಿಂದ ಹೊರಬಂದ ಕುದುರೆ ಊನವಾದ ಕುದುರೆಯಲ್ಲ. ಜೊತೆಗೆ ಹಾನಿ ಮಾಡುವ ಉದ್ದೇಶವಾದರೂ ಇರಬೇಕು, ಹಾನಿಯಾಗಬಹುದೆಂಬ ಅರಿವಾದರೂ ಇರಬೇಕು. ಹಾಗಾಗಿ ಪಶುವೈದ್ಯರ ವರದಿ, ಕುದುರೆ ಮತ್ತೆ ಡ್ಯೂಟಿಗೆ ಹಾಜರಾದ ದಿನದ ದಾಖಲೆ, ಇವೆರಡು ನಿಮ್ಮ ವಕೀಲರ ಕೈಗೆ ಸಿಗಬೇಕು. ಈ ಕಲಂ ನಿಲ್ಲುವುದು ಕಷ್ಟ ಎಂದು ನನ್ನ ಅನಿಸಿಕೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಐದು ಹೊಲಿಗೆ ಎಂದು ನಾವು ಹಗುರಾಗಿ ಹೇಳುತ್ತೇವೆ. ಕುದುರೆಯ ಮೈ ನಾಲ್ಕೈದು ಕ್ವಿಂಟಾಲ್ ತೂಗುತ್ತದೆ, ಮೊಣಕಾಲಿನ ಕೆಳಗೆ ನೋಡಿದರೆ ಬರೀ ಚರ್ಮ, ನರ, ಎಲುಬು. ಒಂದು ಕಾಲು ಊರಲಾಗದಿದ್ದರೆ ಆ ಭಾರವೆಲ್ಲ ಉಳಿದ ಮೂರರ ಮೇಲೆ ಬಿದ್ದು ಅವೂ ಕೆಡುತ್ತವೆ. ಡೆಹ್ರಾಡೂನ್‌ನ ಪೊಲೀಸ್ ಕುದುರೆ ಶಕ್ತಿಮಾನ್ ನೆನಪಿರಬೇಕು. 2016ರ ಮಾರ್ಚ್‌ನಲ್ಲಿ ಒಂದು ಪ್ರತಿಭಟನೆಯಲ್ಲಿ ಅದರ ಹಿಂಗಾಲು ಮುರಿಯಿತು. ಕಾಲು ಕತ್ತರಿಸಿ ಕೃತಕ ಕಾಲು ಜೋಡಿಸಿದರು. ಏಪ್ರಿಲ್ 20ಕ್ಕೆ ಅದು ಸತ್ತಿತು. ಲಾಠಿ ಬೀಸಿದ ದೃಶ್ಯವನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತ್ತು. ಆದರೂ 2021ರಲ್ಲಿ ಅಲ್ಲಿನ ಕೋರ್ಟು ಸಾಕ್ಷ್ಯ ಸಾಲದೆಂದು ಆರೋಪಿಗಳನ್ನು ಬಿಡುಗಡೆ ಮಾಡಿತು. ಕಾಲು ಮುರಿದದ್ದು ಲಾಠಿ ಏಟಿಗೋ, ಹಿಂದೆ ಸರಿದು ಬಿದ್ದದ್ದಕ್ಕೋ ಎಂಬ ಚರ್ಚೆ ಮೊದಲ ದಿನದಿಂದಲೂ ಇತ್ತು. ಟೀವಿಯಲ್ಲಿ ಕಂಡದ್ದು ಬೇರೆ, ಕೋರ್ಟಿನಲ್ಲಿ ಸಾಬೀತಾಗುವುದು ಬೇರೆ. ಇದು ನಿಮ್ಮ ತಮ್ಮನಿಗೆ ಅನುಕೂಲದ ಮಾತು. ನಾಳೆ ನಿಮ್ಮ ತಂದೆಯ ಕೇಸಿಗೆ ಅನಾನುಕೂಲದ್ದೂ ಆಗಬಹುದು.

ಹಾಗಾದರೆ ತಮ್ಮನ ಕೇಸಿನಲ್ಲಿ ತೂಕ ಎಲ್ಲಿದೆ? ಕುದುರೆಯಲ್ಲಿ ಅಲ್ಲ. ಮೇಲೆ ಕೂತಿದ್ದ ಮನುಷ್ಯನಲ್ಲಿದೆ.

ನಾನು ಕೋಲು ತಾಗಿಸಿದ್ದು ಕುದುರೆಗೆ, ಪೊಲೀಸರನ್ನು ಮುಟ್ಟಿಯೇ ಇಲ್ಲ ಎಂದು ತಮ್ಮ ಹೇಳುತ್ತಿರಬಹುದು. ಈ ವಾದ ನನ್ನ ಹತ್ತಿರ ಎಷ್ಟೋ ಜನ ತಂದಿದ್ದಾರೆ. ದನಕ್ಕೆ ಹೊಡೆದೆ ಸಾರ್, ಗಾಡಿಯವನಿಗಲ್ಲ. ಬೈಕಿಗೆ ಒದ್ದೆ, ಸವಾರನಿಗಲ್ಲ. ಇದಕ್ಕೆ ಉತ್ತರ ಬ್ರಿಟಿಷರ ಕಾಲದಲ್ಲೇ ಬರೆದಿಟ್ಟಾಗಿದೆ. 1860ರ ದಂಡ ಸಂಹಿತೆಯಲ್ಲಿ ‘ಬಲಪ್ರಯೋಗ’ ಎಂದರೆ ಏನು ಎಂದು ವಿವರಿಸುವಾಗ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಇದು: ಒಬ್ಬ ರಥದಲ್ಲಿ ಹೋಗುತ್ತಿದ್ದಾನೆ, ಇನ್ನೊಬ್ಬ ಅವನ ಕುದುರೆಗಳಿಗೆ ಚಾಟಿ ಬೀಸಿ ಓಟ ಹೆಚ್ಚಿಸುತ್ತಾನೆ. ಚಾಟಿ ಬಿದ್ದದ್ದು ಕುದುರೆಗೆ, ಬಲ ಪ್ರಯೋಗವಾದದ್ದು ರಥದಲ್ಲಿದ್ದವನ ಮೇಲೆ ಎಂದು ಕಾನೂನು ಹೇಳುತ್ತದೆ. ಪ್ರಾಣಿಯನ್ನು ಚಲಿಸುವಂತೆ ಮಾಡಿ ಮನುಷ್ಯನನ್ನು ಅಲುಗಿಸಿದರೂ ಅದು ಬಲವೇ. ಹೊಸ ಸಂಹಿತೆಯಲ್ಲೂ ಆ ವ್ಯಾಖ್ಯೆ ಉಳಿದಿದೆ. ಕುದುರೆ ಮೇಲೆ ಪೊಲೀಸ್ ಕೂತಿದ್ದಾನೆ ಅನ್ನುವುದು ಯಾರ ಕಣ್ಣಿಗೂ ಕಾಣುತ್ತದೆ, ಅಲ್ವಾ? ಅದಕ್ಕೇ ಮೊದಲು 132 ಬಂತು, ಆಮೇಲೆ 325.

ಕಲಂ 132 ಎಂದರೆ ಸರ್ಕಾರಿ ನೌಕರ ತನ್ನ ಕರ್ತವ್ಯ ಮಾಡದಂತೆ ತಡೆಯಲು ಹಲ್ಲೆ ಅಥವಾ ಬಲಪ್ರಯೋಗ. ಎರಡು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 121(1) ಎಂದರೆ ಅದೇ ರೀತಿ ನೋವುಂಟು ಮಾಡುವುದು. ಹಳೆಯ ಕಾನೂನಿನಲ್ಲಿ ಇದಕ್ಕೆ ಮೂರು ವರ್ಷ ಇತ್ತು, ಈಗ ಐದು. ಇಲ್ಲಿ ಜನ ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. 325ಕ್ಕೆ ಐದು ವರ್ಷ ಎಂದಿದ್ದರೂ ಅದು ಜಾಮೀನು ಸಿಗುವ ಅಪರಾಧ, ಸ್ಟೇಷನ್ನಿನಲ್ಲೇ ಬಿಡಬೇಕು. 132ಕ್ಕೆ ಎರಡೇ ವರ್ಷ, ಆದರೆ ಅದು ಜಾಮೀನುರಹಿತ. ಜಾಮೀನುರಹಿತ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದಲ್ಲ. ಅದು ಹಕ್ಕಲ್ಲ, ಕೋರ್ಟು ತೂಗಿ ಕೊಡಬೇಕು ಎಂದರ್ಥ. ಹಿಂದೆ ಯಾವ ಕೇಸೂ ಇಲ್ಲದ 22ರ ಹುಡುಗನಿಗೆ ಇಂಥ ಕೇಸಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಈಗ ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ ಪದ: ಮಣಿಕಟ್ಟು ಊದಿಕೊಂಡಿದೆ. ಬರೀ ಊತವಾ, ಎಲುಬು ಬಿರುಕು ಬಿಟ್ಟಿದೆಯಾ? ಎಕ್ಸ್‌ರೇಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಕಾನೂನಿನ ಭಾಷೆಯಲ್ಲಿ ತೀವ್ರ ಗಾಯ. ಎಲುಬು ಮುರಿಯದಿದ್ದರೂ, ಹದಿನೈದು ದಿನ ವಿಪರೀತ ನೋವಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವೇ. ಮೊದಲು ಈ ಲೆಕ್ಕ ಇಪ್ಪತ್ತು ದಿನ ಇತ್ತು, ಹೊಸ ಸಂಹಿತೆ ಹದಿನೈದಕ್ಕೆ ಇಳಿಸಿದೆ. ಆಗ 121(1) ಹೋಗಿ 121(2) ಬರುತ್ತದೆ. ಅದಕ್ಕೆ ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು ವರ್ಷ, ಜೊತೆಗೆ ದಂಡ. ನೋಡಿ, ವಾಟ್ಸಾಪ್‌ನವರ ಹತ್ತು ವರ್ಷ ಹಿಂಬಾಗಿಲಿಂದ ಬಂತು, ಕುದುರೆಯ ದೆಸೆಯಿಂದಲ್ಲ, ಮಣಿಕಟ್ಟಿನ ದೆಸೆಯಿಂದ. ಅದಕ್ಕೇ ಕಾನ್‌ಸ್ಟೆಬಲ್‌ನ ವೂಂಡ್ ಸರ್ಟಿಫಿಕೇಟಿನಲ್ಲಿ (ಗಾಯದ ಬಗ್ಗೆ ಡಾಕ್ಟರು ಬರೆದುಕೊಡುವ ಪತ್ರ) ಏನಿದೆ ಎಂದು ತಿಳಿಯುವುದು ನಿಮ್ಮ ವಕೀಲರ ಮೊದಲ ಕೆಲಸ.

ಇದಕ್ಕೂ ಬಂಧನಕ್ಕೂ ನೇರ ನಂಟಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಯಾಂತ್ರಿಕವಾಗಿ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬಂಧನ ಬೇಕಿಲ್ಲದಿದ್ದರೆ ವಿಚಾರಣೆಗೆ ಬಾ ಎಂದು ನೋಟಿಸ್ ಕೊಡಬೇಕು. ಈಗ ಅದು ಬಂಧನ, ಜಾಮೀನು, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3). ಇಂದಿನ ಎಫ್‌ಐಆರ್‌ನಂತೆ ತಮ್ಮನಿಗೆ ಈ ರಕ್ಷಣೆ ಇದೆ. 121(2) ಸೇರಿದರೆ ಏಳು ವರ್ಷದ ಗೆರೆ ದಾಟುತ್ತದೆ, ರಕ್ಷಣೆ ತೆಳುವಾಗುತ್ತದೆ.

ಮತ್ತು ನೋಟಿಸ್ ಕೊಟ್ಟಾಗ ಬಂದವನಿಗೆ ಮಾತ್ರ ಆ ರಕ್ಷಣೆ. ಮಾವನ ಮನೆಯಲ್ಲಿ ಅಡಗಿ ಕೂತವನಿಗಲ್ಲ. ‘ಆರೋಪಿ ತಲೆಮರೆಸಿಕೊಂಡಿದ್ದಾನೆ’ ಎಂಬ ಒಂದು ಸಾಲು ಕೇಸ್ ಡೈರಿಯಲ್ಲಿ ಬಿದ್ದರೆ ಆಮೇಲೆ ನಾವು ಎಷ್ಟು ವಾದಿಸಿದರೂ ನ್ಯಾಯಾಧೀಶರ ಕಣ್ಣು ಅಲ್ಲಿಗೇ ಹೋಗುತ್ತದೆ. ಅವನನ್ನು ಕರೆಸಿ. ವಕೀಲರನ್ನು ಇಟ್ಟುಕೊಂಡು ಸೆಷನ್ಸ್ ಕೋರ್ಟಿನಲ್ಲಿ ಅದೇ ಸಂಹಿತೆಯ ಕಲಂ 482ರಡಿ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಕೇಳುವ ಜಾಮೀನಿಗೆ, ಅರ್ಜಿ ಹಾಕಿಸಿ, ಜೊತೆಗೆ ತನಿಖೆಗೆ ಸಹಕರಿಸಲು ಸಿದ್ಧ ಎಂದು ಬರೆಸಿ. ಇದರಲ್ಲೂ ಅಪಾಯ ಇಲ್ಲವೆಂದಲ್ಲ. ಅರ್ಜಿ ವಜಾ ಆದರೆ ಪೊಲೀಸರು ಬೇಗ ಬಂಧಿಸಬಹುದು. ಆದರೂ ಅಡಗಿ ಕೂರುವುದಕ್ಕಿಂತ ಇದು ವಾಸಿ.

ರಾಜಿ ವಿಷಯ. 132 ಆಗಲಿ 121 ಆಗಲಿ ರಾಜಿಯಾಗುವ ಅಪರಾಧಗಳಲ್ಲ. ಕಾನ್‌ಸ್ಟೆಬಲ್ ಮನಸ್ಸು ಕರಗಿ ಹೋಗಲಿ ಬಿಡಪ್ಪ ಎಂದರೂ ಕೇಸು ನಿಲ್ಲುವುದಿಲ್ಲ, ಏಕೆಂದರೆ ಕೇಸು ಅವರದ್ದಲ್ಲ, ಸರ್ಕಾರದ್ದು. ಕುದುರೆಯ ಮಾಲೀಕರೂ ಸರ್ಕಾರವೇ. ಕೈಗೆ ಕವರ್ ಕೊಟ್ಟು ಬರೋಣ ಎಂದು ಊರಿನ ಯಾರಾದರೂ ದೊಡ್ಡವರು ಹೊರಟರೆ ದಯವಿಟ್ಟು ತಡೆಯಿರಿ. ಸಾಕ್ಷಿಯನ್ನು ಒಲಿಸಿಕೊಳ್ಳಲು ಹೋದರು ಎಂದು ಅದೇ ಇನ್ನೊಂದು ಕೇಸಾಗುತ್ತದೆ, ಸಿಕ್ಕ ಜಾಮೀನೂ ರದ್ದಾಗುತ್ತದೆ. ಕುದುರೆಯ ಚಿಕಿತ್ಸೆಯ ಖರ್ಚು ಕೊಡುವ ಮನಸ್ಸಿದ್ದರೆ ಅದನ್ನು ವಕೀಲರ ಮೂಲಕ ಕೋರ್ಟಿನ ಮುಂದೆ ಹೇಳಿಸಬಹುದು.

ಮುಂದಿನ ದಾರಿಗಳಲ್ಲಿ ಒಂದು, ಹೈಕೋರ್ಟಿಗೆ ಹೋಗಿ ಎಫ್‌ಐಆರ್ ರದ್ದು ಕೇಳುವುದು. ನನ್ನನ್ನು ಕೇಳಿದರೆ ಈಗಲೇ ಬೇಡ. ಗಾಯದ ದಾಖಲೆ ಇದೆ, ಪೊಲೀಸ್ ಸಾಕ್ಷಿಗಳಿದ್ದಾರೆ. ತನಿಖೆ ಮುಗಿಯದೆ ಹೈಕೋರ್ಟು ಕೈ ಹಾಕುವುದು ಅಪರೂಪ, ಖರ್ಚು ಮಾತ್ರ ಖಾತ್ರಿ. 325ನ್ನಷ್ಟೇ ಕೈಬಿಡಿಸಲು ಚಾರ್ಜ್‌ಶೀಟ್ ಬಂದಮೇಲೆ ಕೆಳಗಿನ ಕೋರ್ಟಿನಲ್ಲೇ ಕೇಳಬಹುದು.

ಇನ್ನೊಂದು, ವಿಚಾರಣೆ ಎದುರಿಸುವುದು. ಇದರಲ್ಲಿ ನಿಮ್ಮ ತಮ್ಮನಿಗೆ ಹೇಳಲು ಮಾತಿದೆ. ಕುದುರೆ ಮೈಮೇಲೆ ಬಂದಾಗ ಕೋಲು ಅಡ್ಡ ಹಿಡಿಯುವುದು ಬೇರೆ, ಕೋಲೆತ್ತಿ ಬೀಸುವುದು ಬೇರೆ. ಮೈಸೂರಿನಲ್ಲಿ ದಸರೆಗೆ ಮುಂಚೆ ಕುಶಾಲತೋಪು ಸಿಡಿಸಿ ಆನೆ, ಕುದುರೆಗಳಿಗೆ ಶಬ್ದ ರೂಢಿ ಮಾಡಿಸುವುದನ್ನು ನೀವು ನೋಡಿರುತ್ತೀರಿ. ಅಷ್ಟು ಪಳಗಿದ ಕುದುರೆಯೂ ಕಾಲ ಹತ್ತಿರ ಏನೋ ಸುಳಿದರೆ ಬೆಚ್ಚುತ್ತದೆ. ಕೋಲು ಎಷ್ಟು ಎತ್ತರದಲ್ಲಿತ್ತು, ಅವನು ಮುಂದೆ ಹೆಜ್ಜೆ ಇಟ್ಟನಾ ಹಿಂದೆ ಸರಿದನಾ, ಹಿಂದಿನಿಂದ ಜನ ನೂಕುತ್ತಿದ್ದರಾ? ಇಡೀ ಕೇಸು ಈ ಎರಡು ಸೆಕೆಂಡಿನಲ್ಲಿದೆ. ಗೆಳೆಯರ ಫೋನಿನಲ್ಲಿ ವಿಡಿಯೋ ಇದ್ದರೆ ಆ ಫೋನನ್ನೇ ಜೋಪಾನ ಮಾಡಿ. ಕತ್ತರಿಸಬೇಡಿ, ಹಾಡು ಸೇರಿಸಿ ರೀಲ್ಸ್ ಮಾಡಬೇಡಿ, ಅಳಿಸಲೂ ಬೇಡಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಆದರೆ ಒಂದು ಎಚ್ಚರಿಕೆ. ವಿಡಿಯೋ ಮೊದಲು ನಿಮ್ಮ ವಕೀಲರು ನೋಡಲಿ. ಅಡ್ಡ ಹಿಡಿದೆ ಎಂದವರು ವಿಡಿಯೋದಲ್ಲಿ ಗುರಿಯಿಟ್ಟು ಬೀಸಿದ್ದನ್ನು ನಾನು ಒಂದೆರಡು ಸಲ ಕಂಡಿದ್ದೇನೆ. ಪೊಲೀಸರು ಸದುದ್ದೇಶದಿಂದ ಕರ್ತವ್ಯ ಮಾಡುತ್ತಿದ್ದಾಗ ಆತ್ಮರಕ್ಷಣೆಯ ಹಕ್ಕು ತೀರಾ ಕಿರಿದು, ಪ್ರಾಣಕ್ಕೋ ತೀವ್ರ ಗಾಯಕ್ಕೋ ಹೆದರುವಂಥ ಸ್ಥಿತಿ ಇದ್ದರೆ ಮಾತ್ರ. ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ ಅನ್ನುವುದೂ ಗೊತ್ತಿರಲಿ. ವಾಯಿದೆ ದಿನ ಪರೀಕ್ಷೆ ಬಿದ್ದರೆ ಒದ್ದಾಟ.

ಗುಂಪಿನಲ್ಲಿದ್ದ ಉಳಿದವರನ್ನೂ ಸೇರಿಸಿ ಅಕ್ರಮ ಕೂಟದ ಕಲಮುಗಳನ್ನು ಹಾಕಿದರೆ ಲೆಕ್ಕ ಬದಲಾಗುತ್ತದೆ. ಐದು ಅಥವಾ ಹೆಚ್ಚು ಜನರ ಕೂಟ, ಒಂದೇ ಉದ್ದೇಶ ಎಂದು ಸಾಬೀತಾದರೆ ಒಬ್ಬ ಮಾಡಿದ್ದಕ್ಕೆ ಎಲ್ಲರೂ ಹೊಣೆ. ಸದ್ಯ ನೀವು ಕಳಿಸಿದ ಪ್ರತಿಯಲ್ಲಿ ಅದಿಲ್ಲ.

ಮೂರನೆಯ ದಾರಿ, ತಪ್ಪೊಪ್ಪಿಕೊಂಡು ಶಿಕ್ಷೆ ತಗ್ಗಿಸಿಕೊಳ್ಳುವುದು. ಮೊದಲ ಸಲದ ಆರೋಪಿಗೆ ಹೊಸ ಕಾನೂನು ರಿಯಾಯಿತಿ ಕೊಡುತ್ತದೆ. ಆರೋಪ ನಿಗದಿಯಾದ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯ ಕಲಂ ಇದ್ದರೆ ಈ ಬಾಗಿಲು ತೆರೆಯುವುದಿಲ್ಲ. ಇದಲ್ಲದೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ. ತಪ್ಪು ಸಾಬೀತಾದರೂ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಅದರ ಕಲಂ 12ರಂತೆ, ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಪೊಲೀಸ್ ಇಲಾಖೆಗೆ ಸೇರಬಯಸುವವನು ಪೊಲೀಸರ ಮೇಲಿನ ಹಲ್ಲೆಯನ್ನು ಒಪ್ಪಿಕೊಂಡ ಎಂದಮೇಲೆ, ಅನರ್ಹತೆ ಇಲ್ಲದಿದ್ದರೂ ಆಯ್ಕೆ ಮಾಡುವವರು ಒಮ್ಮೆ ಯೋಚಿಸದೆ ಇರುತ್ತಾರಾ? ಬೇಗ ಮುಗಿಯಲಿ ಎಂದು ಈ ದಾರಿಗೆ ಹಾರಬೇಡಿ.

ನೌಕರಿ ಬಗ್ಗೆ ನೇರವಾಗಿ ಹೇಳುತ್ತೇನೆ. ಕೇಸು ಬಾಕಿ ಇದ್ದರೆ ದಾರಿ ಮುಚ್ಚಿತು ಎಂದಲ್ಲ, ಆದರೆ ಪೊಲೀಸ್ ಕೆಲಸಕ್ಕೆ ಕಷ್ಟ. ಬೇರೆ ಇಲಾಖೆಗಳಲ್ಲಿ ಅಷ್ಟಿಲ್ಲ. ಎಲ್ಲಿಗೇ ಅರ್ಜಿ ಹಾಕಲಿ, ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯೇ ಎಂಬ ಕಾಲಂ ಇದ್ದರೆ ಇದೆ ಎಂದೇ ಬರೆಯಲಿ. ಆ ಕಾಲಮಿನಲ್ಲಿ ಸುಳ್ಳು ಬರೆದವರ ಬಗ್ಗೆ ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಕೇಸು ಸಣ್ಣದಾದರೆ ಕ್ಷಮಿಸಬಹುದು, ದೊಡ್ಡದನ್ನು ಮುಚ್ಚಿಟ್ಟರೆ ಸಿಕ್ಕ ಕೆಲಸವೂ ಹೋಗಬಹುದು. ಖುಲಾಸೆಯಾಗಿ ಬಂದವನು ಕೂಡ ಮುಚ್ಚಿಟ್ಟಿದ್ದಕ್ಕೆ ಕೆಲಸ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಈಗ ನಿಮ್ಮ ತಂದೆ. ನಮ್ಮಪ್ಪನ ಕೆನ್ನೆಗಿಂತ ಕುದುರೆ ಕಾಲು ದೊಡ್ಡದಾ ಎಂದು ಕೇಳಿದಿರಿ. ಅಲ್ಲ. ಕಾನೂನಿನಲ್ಲಿ ನಿಮ್ಮ ತಂದೆಯೂ ಆ ಕುದುರೆ ಸವಾರನೂ ಒಂದೇ ಸಾಲಿನಲ್ಲಿದ್ದಾರೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಕಲಂ 43ರ ಪ್ರಕಾರ ನಿಗಮದ ಕೆಲಸ ಮಾಡುತ್ತಿರುವ ನೌಕರ ಸರ್ಕಾರಿ ನೌಕರನೆಂದೇ ಲೆಕ್ಕ. ವಿದ್ಯುತ್ ಕಂಪನಿಯ ಲೈನ್‌ಮನ್, ಪಾಲಿಕೆಯ ಸಂಬಳ ತೆಗೆದುಕೊಳ್ಳುವ ಪೌರಕಾರ್ಮಿಕ, ಗ್ರಾಮ ಆಡಳಿತಾಧಿಕಾರಿ, ಸರ್ಕಾರಿ ಶಾಲೆಯ ಮೇಷ್ಟ್ರು, ಇವರೆಲ್ಲ ಅದೇ ಸಾಲಿನವರು. ಗುತ್ತಿಗೆದಾರರ ಮೂಲಕ ಬಂದವರ ವಿಷಯದಲ್ಲಿ ಮಾತ್ರ ಎದುರಿನವರು ಜಗ್ಗಾಡುತ್ತಾರೆ. ಡಾಕ್ಟರು, ನರ್ಸುಗಳಿಗೆ ಕರ್ನಾಟಕದಲ್ಲಿ 2009ರ ಕಾಯ್ದೆ ಬೇರೆ ಇದೆ, ಅದು ಖಾಸಗಿ ಆಸ್ಪತ್ರೆಯವರಿಗೂ ಅನ್ವಯ, ಜಾಮೀನುರಹಿತ.

ಹಾಗಾದರೆ ಅಪ್ಪನ ಕೇಸು ಏಕೆ ಸಣ್ಣದಾಯಿತು? ಬಹುಶಃ ದೂರಿನ ಭಾಷೆಯಿಂದ. ಚಿಲ್ಲರೆ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಕಪಾಳಕ್ಕೆ ಹೊಡೆದ ಎಂದು ಬರೆದರೆ ಅದು ಇಬ್ಬರು ಮನುಷ್ಯರ ಜಗಳ. ಕಲಂ 115(2), ಒಂದು ವರ್ಷದವರೆಗೆ ಶಿಕ್ಷೆ. ಅದು ಅಸಂಜ್ಞೇಯ, ಎಂದರೆ ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಯನ್ನೂ ಮಾಡುವಂತಿಲ್ಲ. ಅದೇ ‘ಇಂಥ ಮಾರ್ಗದ ಬಸ್ಸಿನಲ್ಲಿ, ಇಂಥ ಸ್ಟೇಜಿನ ಹತ್ತಿರ, ನಾನು ಟಿಕೆಟ್ ಕೊಡುತ್ತಿದ್ದಾಗ, ಟಿಕೆಟ್ ತೆಗೆದುಕೊಳ್ಳಿ ಎಂದಿದ್ದಕ್ಕೆ ಹೊಡೆದು ಕೆಲಸಕ್ಕೆ ಅಡ್ಡಿ ಮಾಡಿದ’ ಎಂದು ಬರೆದಿದ್ದರೆ 132 ಮತ್ತು 121(1). ಏಟು ಅದೇ, ಕೆನ್ನೆ ಅದೇ.

ಈ ಕಾಗದದ ಮಹಿಮೆಗೆ ನನ್ನದೇ ಒಂದು ಕೇಸು ಹೇಳುತ್ತೇನೆ. ಒಬ್ಬ ಲೈನ್‌ಮನ್ ಬಾಕಿ ಬಿಲ್ಲಿಗೆ ಫ್ಯೂಸ್ ತೆಗೆಯಲು ಹೋಗಿದ್ದ. ಮನೆಯವನು ಏಣಿ ಎಳೆದು ಬೀಳಿಸಿದ. ಲೈನ್‌ಮನ್ ಜೇಬಿನಲ್ಲಿ ಸಂಪರ್ಕ ಕಡಿತದ ಪಟ್ಟಿ ಇತ್ತು. ಬೆವರಿಗೆ ನೆನೆದು ನಾಲ್ಕು ಮಡಿಕೆಯಲ್ಲಿ ಹರಿದಿತ್ತು. ಅವನು ಅದನ್ನು ಯಾರಿಗೂ ಕೊಡಲಿಲ್ಲ, ಕಚೇರಿಯವರು ನಕಲು ಹುಡುಕಲಿಲ್ಲ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ: ಆ ದಿನ ಆ ಮನೆಗೆ ಹೋಗಲು ನಿಮಗೆ ಯಾರು ಹೇಳಿದ್ದರು? ಕರ್ತವ್ಯದ ಕಲಂ ಅಲ್ಲಿಗೆ ಬಿತ್ತು. ಉಳಿದದ್ದು ಸಾಮಾನ್ಯ ಹಲ್ಲೆ, ಸಣ್ಣ ದಂಡ.

ಕಾಗದದ ಮಿತಿ ಪ್ರಾಣಿಗಳ ವಿಷಯದಲ್ಲೂ ಹಾಗೆಯೇ. ದಾವಣಗೆರೆಯ ಪೊಲೀಸ್ ನಾಯಿ ತುಂಗಾ 2020ರಲ್ಲಿ ಸುಮಾರು 12 ಕಿಲೋಮೀಟರ್ ವಾಸನೆ ಹಿಡಿದು ಓಡಿ ಕೊಲೆ ಆರೋಪಿಯ ಜಾಡು ತೋರಿಸಿತು. ಆದರೂ ನಾಯಿ ಸಾಕ್ಷಿಕಟ್ಟೆ ಹತ್ತಲಾರದು, ಅದಕ್ಕೆ ಪಾಟೀಸವಾಲಿಲ್ಲ ಎಂದು ಕೋರ್ಟುಗಳು ಅದರ ಸುಳಿವನ್ನೇ ನಂಬಿ ಶಿಕ್ಷೆ ಕೊಡುವುದಿಲ್ಲ. ಒಮ್ಮೆ ಒಂದು ಮಹಜರಿನಲ್ಲಿ ಗಾಯಗೊಂಡ ನಾಯಿಯನ್ನು ‘ಇಲಾಖೆಗೆ ಸೇರಿದ ಶ್ವಾನ ಒಂದು’ ಎಂದು ಬರೆಯುತ್ತಿದ್ದರು. ಅದರ ಹ್ಯಾಂಡ್ಲರ್ ಪಕ್ಕದಲ್ಲಿ ನಿಂತು, ಹೆಸರು ಬರೀರಿ ಸಾರ್ ಎಂದು ಎರಡು ಸಲ ಹೇಳಿದ. ಬರೆಯುತ್ತಿದ್ದವರು ತಲೆ ಎತ್ತಲಿಲ್ಲ. ನಮ್ಮಲ್ಲಿ ಫಿನ್ ಕಾನೂನಿನಂಥದ್ದು ಬರಬೇಕು ಎಂದು ನನಗೆ ಅನ್ನಿಸಿದ್ದು ಆಗ. ಊನವಾಗುವವರೆಗೆ ಕಾಯದೆ, ಬೇಕೆಂದೇ ಮಾಡಿದ ಗಾಯಕ್ಕೂ ಒಂದು ಸರಿಯಾದ ಶಿಕ್ಷೆ ಇರಲಿ. ಹೀಗೆ ಹೇಳಿದರೆ ನಿಮ್ಮ ತಮ್ಮನಿಗೆ ವಿರುದ್ಧವಾಯಿತಲ್ಲ ಎನ್ನಬೇಡಿ. ಅವನಿಗೆ ಇವತ್ತಿನ ಕಾನೂನೇ ಅನ್ವಯ.

ತಂದೆಯ ಕೇಸಿನಲ್ಲಿ ಇನ್ನೂ ಮಾಡಬಹುದಾದದ್ದಿದೆ. ಚಾರ್ಜ್‌ಶೀಟ್ ಆಗಿಲ್ಲದಿದ್ದರೆ, ಅವತ್ತು ನಾನು ಡ್ಯೂಟಿಯಲ್ಲಿದ್ದೆ ಎಂದು ದಾಖಲೆ ಸಮೇತ ತನಿಖಾಧಿಕಾರಿಗೆ ಬರೆದುಕೊಟ್ಟು ಕಲಂ ಸೇರಿಸಲು ಕೇಳಲಿ. ಸ್ಟೇಷನ್ನಿನಲ್ಲಿ ಕೇಳದಿದ್ದರೆ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲಿ. ಕೋರ್ಟಿಗೆ ಹೋಗಿದ್ದರೆ ಸರ್ಕಾರಿ ಅಭಿಯೋಜಕರನ್ನು ಕಂಡು ಆರೋಪ ತಿದ್ದುಪಡಿಗೆ ಅರ್ಜಿ ಹಾಕಿಸಬಹುದು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 239. ತೀರ್ಪು ಬರುವವರೆಗೂ ಅದಕ್ಕೆ ಅವಕಾಶ ಇದೆ. ಬೇಕಾದ ದಾಖಲೆ ಮೂರು: ಆ ದಿನದ ವೇಬಿಲ್ (ಟ್ರಿಪ್ಪಿನ ಟಿಕೆಟ್ ಲೆಕ್ಕದ ಹಾಳೆ), ಟಿಕೆಟ್ ಮೆಷಿನ್‌ನಲ್ಲಿ ಆ ಹೊತ್ತಿಗೆ ಕೊಟ್ಟ ಟಿಕೆಟ್‌ಗಳ ವಿವರ, ಡ್ಯೂಟಿ ಹಾಕಿದ ಹಾಳೆ. ವೇಬಿಲ್ ಸಾಮಾನ್ಯವಾಗಿ ಸಿಗುತ್ತದೆ. ಮೆಷಿನ್ ವಿವರ ಎಷ್ಟು ದಿನ ಇಟ್ಟಿರುತ್ತಾರೋ ಹೇಳಲಾಗದು, ಈಗಾಗಲೇ ವರ್ಷವಾಗಿದೆ. ಅದಕ್ಕೆ ನಾಳೆ ಬೆಳಿಗ್ಗೆಯೇ ಡಿಪೋ ಮ್ಯಾನೇಜರಿಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬರಲು ಹೇಳಿ.